ಅಡುಗೆಮನೆಯ ಪ್ರಯೋಗಶಾಲೆ

ರಸಾಯನಶಾಸ್ತ್ರವೆಂದೊಡನೆ ಬಹುಮಂದಿ ವಿದ್ಯಾರ್ಥಿಗಳ ಕಣ್ಣಮುಂದೆ ಸುಳಿಯುವುದು ಬೀಗ ಹಾಕಿದ ಒಂದು ಕೊಠಡಿ, ಗಾಜಿನ ಕಪಾಟಿನಲ್ಲಿ ಸಾಲಾಗಿ ಇರಿಸಿದ ಸೀಸೆಗಳು, ಕರಿಹಲಗೆಯ ತುಂಬ ಬರೆದ ಸಮೀಕರಣಗಳು. ಆ ಕೊಠಡಿಯ ಬೀಗ ತೆರೆಯುವವರೆಗೆ ತಮಗೂ ಆ ಶಾಸ್ತ್ರಕ್ಕೂ ಯಾವ ಸಂಬಂಧವೂ ಇಲ್ಲವೆಂದು ಅವರು ಭಾವಿಸಿರುತ್ತಾರೆ. ಅದೇ ಹೊತ್ತಿನಲ್ಲಿ ಮನೆಯಲ್ಲಿ ತಾಯಿಯು ಕಿಲುಬು ಹಿಡಿದ ತಾಮ್ರದ ಕೊಡವನ್ನು ಹುಣಿಸೆಹಣ್ಣಿನಿಂದ ತಿಕ್ಕಿ ತೊಳೆಯುತ್ತಿರುತ್ತಾಳೆ. ಅಜ್ಜಿಯು ವೀಳೆಯದೆಲೆಗೆ ಸುಣ್ಣ ಸವರುತ್ತಿರುತ್ತಾಳೆ. ಹೆಪ್ಪು ಹಾಕಿದ ಹಾಲು ಮೂಲೆಯಲ್ಲಿ ಸದ್ದಿಲ್ಲದೆ ಮೊಸರಾಗುತ್ತಿರುತ್ತದೆ. ಹುಣಿಸೆಯ ಹುಳಿಯು ಕಿಲುಬನ್ನು ಕರಗಿಸಿ ಲೋಹವನ್ನು ಹೊರಗೆಡಹುವುದು ರಾಸಾಯನಿಕ ಕ್ರಿಯೆಯಲ್ಲದೆ ಮತ್ತೇನು? ಶಾಲೆಯ ಕೊಠಡಿಗೆ ಬೀಗವುಂಟು, ಅಡುಗೆಮನೆಗೆ ಬೀಗವಿಲ್ಲ.

ಮನೆಯ ಪದಾರ್ಥಗಳಿಂದ ಮಾಡಬಹುದಾದ ಪ್ರಯೋಗಗಳನ್ನು ಎರಡು ಬಗೆಯ ಜನ ಹಗುರವಾಗಿ ಕಾಣುವುದುಂಟು. ಅದು ಮಕ್ಕಳ ಆಟ, ಪರೀಕ್ಷೆಗೆ ಬಾರದ ಕಾಲಹರಣ ಎಂದು ಕೆಲವರು ಹೇಳುತ್ತಾರೆ. ಪ್ರಯೋಗಶಾಲೆಯಿಲ್ಲದ ಬಡ ಶಾಲೆಗಳಿಗೆ ಅದೊಂದು ಬದಲಿ ವ್ಯವಸ್ಥೆ, ಇಲ್ಲದವರ ಪಾಲಿನ ಸಮಾಧಾನ ಎಂದು ಮತ್ತೆ ಕೆಲವರು ಹೇಳುತ್ತಾರೆ. ಈ ಎರಡು ಮಾತುಗಳೂ ಸರಿಯಲ್ಲ. ಶಾಲೆಯಲ್ಲಿ ಪ್ರಯೋಗದ ಫಲಿತಾಂಶಕ್ಕೆ ಅಂಕಗಳುಂಟು; ಆದುದರಿಂದ ಅಲ್ಲಿ ವಿದ್ಯಾರ್ಥಿಯು ಪುಸ್ತಕದಲ್ಲಿ ಇರುವುದನ್ನೇ ಕಾಣಬಯಸುತ್ತಾನೆ. ಮನೆಯಲ್ಲಿ ಅಂಕ ಕೊಡುವವರಿಲ್ಲ. ಆದುದರಿಂದ ಅಲ್ಲಿ ಇದ್ದುದನ್ನು ಇದ್ದಂತೆಯೇ ಕಾಣುವ ಅವಕಾಶವುಂಟು. ಮನೆಯ ಪ್ರಯೋಗದ ನಿಜವಾದ ಬೆಲೆ ಇರುವುದು ಇಲ್ಲಿ.

ಮೊದಲಿಗೆ ಅರಿಶಿನವನ್ನೇ ತೆಗೆದುಕೊಳ್ಳಬಹುದು. ಬಿಳಿಯ ಪಂಚೆಯ ಮೇಲೆ ಬಿದ್ದ ಸಾರಿನ ಹಳದಿ ಕಲೆಯು ಸೋಪು ಹಚ್ಚಿದ ಕೂಡಲೆ ಕೆಂಪಾಗುವುದನ್ನು ಬಟ್ಟೆ ಒಗೆದವರೆಲ್ಲರೂ ಕಂಡಿದ್ದಾರೆ. ಮದುವೆಯ ಮನೆಯಲ್ಲಿ ವಧೂವರರಿಗೆ ಎತ್ತುವ ಆರತಿಯ ಕೆಂಪು ನೀರು ಅರಿಶಿನಕ್ಕೆ ಸುಣ್ಣ ಕದಡಿದುದರಿಂದ ಆದುದು. ಸೋಪು, ಸುಣ್ಣ, ವಾಷಿಂಗ್ ಸೋಡ, ಒಲೆಯ ಬೂದಿಯನ್ನು ಕದಡಿ ಬಸಿದ ನೀರು, ಇವೆಲ್ಲವೂ ಅರಿಶಿನವನ್ನು ಕೆಂಪಾಗಿಸುತ್ತವೆ; ಇವು ಕ್ಷಾರಗುಣವುಳ್ಳವು. ಕೆಂಪಾದುದರ ಮೇಲೆ ನಿಂಬೆಯ ರಸ ಹಿಂಡಿದರೆ ಮತ್ತೆ ಹಳದಿಯ ಬಣ್ಣ ಬರುತ್ತದೆ. ಒಂದು ಚೂರು ಕಾಗದಕ್ಕೆ ಅರಿಶಿನದ ನೀರು ಸವರಿ ನೆರಳಿನಲ್ಲಿ ಒಣಗಿಸಿಟ್ಟುಕೊಂಡರೆ ಅದೇ ಕ್ಷಾರವನ್ನು ತೋರಿಸಿಕೊಡುವ ಸೂಚಕ.

ಆದರೆ ಇಲ್ಲಿಯೇ ಒಂದು ತೊಡಕುಂಟು. ಈ ಅರಿಶಿನದ ಕಾಗದವನ್ನು ನಿಂಬೆಯ ರಸದಲ್ಲಿ ಅದ್ದಿದರೆ ಅದು ಹಳದಿಯಾಗಿಯೇ ಉಳಿಯುತ್ತದೆ. ಬಾವಿಯ ಸಿಹಿನೀರಿನಲ್ಲಿ ಅದ್ದಿದರೂ ಹಳದಿಯೇ. ಹಾಗಾದರೆ ನಿಂಬೆಯ ರಸವೂ ನೀರೂ ಒಂದೇ ಎನ್ನಬೇಕೆ? ನಾಲಗೆ ಒಪ್ಪುವುದಿಲ್ಲ. ಅರಿಶಿನವು ಕ್ಷಾರದ ವಿಷಯದಲ್ಲಿ ಮಾತ್ರ ಸಾಕ್ಷಿ ಹೇಳಬಲ್ಲದು. ಆಮ್ಲದ ವಿಷಯದಲ್ಲಿ ಅದು ಮೌನಿ. ಮತ್ತೊಬ್ಬ ಸಾಕ್ಷಿ ಬೇಕು. ಹಿತ್ತಲಿನ ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ ಬಸಿದ ರಸವು ಈ ಕೆಲಸಕ್ಕೆ ಒದಗುತ್ತದೆ. ಅದು ಆಮ್ಲದಲ್ಲಿ ಕಡುಗೆಂಪಾಗಿಯೂ ಕ್ಷಾರದಲ್ಲಿ ಹಸಿರಾಗಿಯೂ ತಿರುಗುತ್ತದೆ. ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿಯು 1664ರಲ್ಲಿ ಪ್ರಕಟಿಸಿದ ಬಣ್ಣಗಳ ಕುರಿತ ಗ್ರಂಥದಲ್ಲಿ ನೇರಿಳೆ ಬಣ್ಣದ ಹೂವೊಂದರ ಪಾನಕವನ್ನು ಬಳಸಿ ಆಮ್ಲಕ್ಷಾರಗಳನ್ನು ಬೇರ್ಪಡಿಸುವ ಇದೇ ಬಗೆಯ ಪರೀಕ್ಷೆಯನ್ನು ವಿವರಿಸಿದನು. ಅವನ ಹೂವು ಬೇರೆ, ಹಿತ್ತಲಿನ ಹೂವು ಬೇರೆ, ವಿಧಾನ ಒಂದೇ. ಈ ಎರಡು ಸಾಕ್ಷಿಗಳನ್ನು ಇಟ್ಟುಕೊಂಡು ಮಜ್ಜಿಗೆ, ಪಟಿಕ, ಉಪ್ಪು, ಹುಣಿಸೆಯ ನೀರು, ಅಡುಗೆ ಸೋಡ, ಹೀಗೆ ಮನೆಯಲ್ಲಿರುವ ಒಂದೊಂದು ಪದಾರ್ಥವನ್ನೂ ವಿಚಾರಣೆಗೆ ಒಳಪಡಿಸಬಹುದು. ಪಟಿಕದ ಉತ್ತರ ಹಲವರಿಗೆ ಅಚ್ಚರಿ ತರುತ್ತದೆ.

ದಾಸವಾಳದ ಈ ಗುಣ ತಿಳಿದವನನ್ನು ಮೋಸಗೊಳಿಸುವುದು ಸುಲಭವಲ್ಲ. ಜಾತ್ರೆಯಲ್ಲಿ ಒಬ್ಬನು ನಿಂಬೆಯ ಹಣ್ಣನ್ನು ಕೊಯ್ದು, ಅದರಿಂದ ರಕ್ತ ಸುರಿಯುವುದನ್ನು ತೋರಿಸಿ, ಮನೆಗೆ ಮಾಟವಾಗಿದೆಯೆಂದು ಹೆದರಿಸುತ್ತಾನೆಂದಿಟ್ಟುಕೊಳ್ಳೋಣ. ಅವನ ಚಾಕುವಿನ ಅಲಗಿಗೆ ದಾಸವಾಳದ ಎಸಳುಗಳನ್ನು ಮೊದಲೇ ಉಜ್ಜಿ ಒಣಗಿಸಲಾಗಿರುತ್ತದೆ. ಹುಳಿಯ ರಸ ತಗಲಿದೊಡನೆ ಅಲಗಿನ ಮೇಲಿನ ಮಂಕು ಬಣ್ಣವು ಕೆಂಪಾಗಿ ಹರಿಯುತ್ತದೆ. ಭೌತವಿಜ್ಞಾನಿಯೂ ಶಿಕ್ಷಣತಜ್ಞರೂ ಆಗಿದ್ದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಒಂದು ಸಮಿತಿಯನ್ನೇ ರಚಿಸಿದರು. ಅಂತಹ ಸಮಿತಿ ಬೇಕಾದುದೇ. ಆದರೆ ನಿಂಬೆಯ ಹಣ್ಣಿನ ಮಟ್ಟಿಗೆ, ಒಂದು ದಾಸವಾಳದ ಗಿಡವೂ ಪ್ರಶ್ನೆ ಕೇಳುವ ಒಂದು ಮಗುವೂ ಇದ್ದರೆ ಸಾಕಾಗುತ್ತದೆ.

ಇನ್ನು ಸುಣ್ಣದ ವಿಷಯ. ವೀಳೆಯದ ಸುಣ್ಣವನ್ನು ಒಂದು ಸೀಸೆ ನೀರಿನಲ್ಲಿ ಕದಡಿ, ಮುಚ್ಚಳ ಬಿಗಿದು, ಒಂದು ರಾತ್ರಿ ಅಲುಗಾಡಿಸದೆ ಇಟ್ಟರೆ ಮೇಲೆ ತಿಳಿಯಾದ ನೀರು ನಿಲ್ಲುತ್ತದೆ. ಆ ತಿಳಿನೀರನ್ನು ಬೇರೆ ಲೋಟಕ್ಕೆ ಬಗ್ಗಿಸಿ, ಪರಂಗಿಯ ಎಲೆಯ ಟೊಳ್ಳಾದ ದಂಟಿನಿಂದ ಉಸಿರನ್ನು ಊದಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. (ಊದಬೇಕೇ ಹೊರತು ಹೀರಬಾರದು, ಸುಣ್ಣದ ನೀರು ಬಾಯನ್ನು ಸುಡುತ್ತದೆ.) ಉಸಿರಿನಲ್ಲಿರುವ ಇಂಗಾಲದ ಡೈ ಆಕ್ಸೈಡು ಸುಣ್ಣದೊಡನೆ ಸೇರಿ ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟು ಉಂಟಾದುದೇ ಇದಕ್ಕೆ ಕಾರಣ. ಸುಣ್ಣ ಬಳಿದ ಗೋಡೆ ಕೆಲವು ದಿನಗಳಲ್ಲಿ ಗಟ್ಟಿಯಾಗುವುದೂ ಇದೇ ಕ್ರಿಯೆಯಿಂದ. ಇಷ್ಟನ್ನು ಎಲ್ಲ ವಿದ್ಯಾರ್ಥಿಗಳೂ ಕಂಠಪಾಠ ಮಾಡಿರುತ್ತಾರೆ: ಸುಣ್ಣದ ತಿಳಿನೀರನ್ನು ಬೆಳ್ಳಗಾಗಿಸುವ ಅನಿಲ ಯಾವುದು? ಇಂಗಾಲದ ಡೈ ಆಕ್ಸೈಡು.

ಈಗ ಅಂಗಡಿಯಿಂದ ತಂದ ಒಂದು ಗೋಲಿ ಸೋಡವನ್ನು ಆಗತಾನೆ ಒಡೆದು, ಅದನ್ನು ಬೇರೊಂದು ಲೋಟದ ಸುಣ್ಣದ ತಿಳಿನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಸೋಡದಲ್ಲಿ ಇರುವುದೂ ಅದೇ ಅನಿಲ. 1767ರ ಸುಮಾರಿನಲ್ಲಿ ಲೀಡ್ಸ್ ನಗರದ ಒಂದು ಮದ್ಯದ ಭಟ್ಟಿಯಲ್ಲಿ ಹುದುಗುವ ತೊಟ್ಟಿಗಳ ಮೇಲೆ ನಿಂತಿದ್ದ ಅನಿಲವನ್ನು ನೀರಿನಲ್ಲಿ ಕರಗಿಸಿ ಜೋಸೆಫ್ ಪ್ರೀಸ್ಟ್ಲಿ ಇಂತಹ ಪಾನೀಯವನ್ನು ಮಾಡಿದ್ದನು. ಮೊದಲು ಹಾಕಿದ ಸೋಡಕ್ಕೆ ಸುಣ್ಣದ ನೀರು ಬೆಳ್ಳಗಾಗುತ್ತದೆ. ಪುಸ್ತಕದ ಮಾತು ನಿಜವಾಯಿತು. ಇನ್ನೂ ಹಾಕುತ್ತ ಹೋದರೆ? ಬಿಳುಪು ಕರಗುತ್ತದೆ; ನೀರು ಮತ್ತೆ ತಿಳಿಯಾಗುತ್ತದೆ!

ಇದೇ ಪ್ರಯೋಗವು ಶಾಲೆಯಲ್ಲಿ ನಡೆದು, ಅನಿಲವು ಹೆಚ್ಚಾಗಿ ಹರಿದು ನೀರು ತಿಳಿಯಾಯಿತೆಂದು ಇಟ್ಟುಕೊಂಡರೆ, ವಿದ್ಯಾರ್ಥಿಯು ತನ್ನ ಪ್ರಯೋಗದ ಪುಸ್ತಕದಲ್ಲಿ ಏನನ್ನು ಬರೆಯುತ್ತಾನೆ? ಹತ್ತರಲ್ಲಿ ಒಂಬತ್ತು ಮಂದಿ ‘ತಿಳಿನೀರು ಬೆಳ್ಳಗಾಯಿತು’ ಎಂದೇ ಬರೆದು, ಪಕ್ಕದವನಿಗೂ ಹಾಗೆಯೇ ಬರೆಯಲು ಹೇಳುತ್ತಾರೆ. ಕಣ್ಣು ಕಂಡದ್ದು ಒಂದು, ಕೈ ಬರೆದದ್ದು ಇನ್ನೊಂದು. ಇದನ್ನು ಸಣ್ಣ ತಪ್ಪೆಂದು ಅಲಕ್ಷಿಸುವುದು ಸರಿಯಲ್ಲ. ಕಂಡುದನ್ನು ಬಿಟ್ಟು ಕಾಣಬೇಕಾದುದನ್ನು ಬರೆಯುವ ಅಭ್ಯಾಸವು ಹದಿನಾಲ್ಕನೆಯ ವಯಸ್ಸಿನಲ್ಲಿ ಕೈಗೂಡಿದರೆ ಅದು ನಲವತ್ತರಲ್ಲಿಯೂ ಬಿಡುವುದಿಲ್ಲ; ಕಾಮಗಾರಿಯ ಅಳತೆಯ ಪುಸ್ತಕದಲ್ಲಿಯೂ ಆಸ್ಪತ್ರೆಯ ದಾಖಲೆಯಲ್ಲಿಯೂ ಅದೇ ಕೈ ಅದೇ ಕೆಲಸವನ್ನು ಮಾಡುತ್ತದೆ.

ಅಡುಗೆಮನೆಯಲ್ಲಿ ಗೋಲಿ ಸೋಡ ಹಿಡಿದು ನಿಂತ ಹುಡುಗಿಗೆ ಈ ಭಯವಿಲ್ಲ. ಬಿಳುಪು ಏಕೆ ಮಾಯವಾಯಿತು ಎಂದು ಅವಳು ಕೇಳಬಲ್ಲಳು. ಹೆಚ್ಚಾದ ಇಂಗಾಲದ ಡೈ ಆಕ್ಸೈಡಿನ ನೀರು ಕಾರ್ಬೊನೇಟನ್ನು ನೀರಿನಲ್ಲಿ ಕರಗುವ ಬೈಕಾರ್ಬೊನೇಟಾಗಿ ಮಾರ್ಪಡಿಸುತ್ತದೆ ಎಂಬ ಉತ್ತರ ದೊರೆತ ಮೇಲೆ ಆ ತಿಳಿಯಾದ ನೀರನ್ನು ಒಲೆಯ ಮೇಲಿಟ್ಟು ಕುದಿಸಿದರೆ ಅದು ಮೂರನೆಯ ಸಲ ರೂಪ ಬದಲಿಸಿ ಮತ್ತೆ ಬೆಳ್ಳಗಾಗುತ್ತದೆ. ಆಗ ಅವಳಿಗೆ ಬಚ್ಚಲಿನ ಹಂಡೆ ನೆನಪಾಗಬಹುದು. ಬಯಲುಸೀಮೆಯ ಅನೇಕ ಊರುಗಳಲ್ಲಿ ಕೊಳವೆಬಾವಿಯ ಗಡಸುನೀರು ಕಾಯಿಸಿದ ಹಂಡೆಯ ಒಳಮೈಗೆ ಕಲ್ಲಿನಂತಹ ಬಿಳಿಯ ಪದರ ಕಟ್ಟಿರುತ್ತದೆ. ಲೋಟದಲ್ಲಿ ಈಗ ನಡೆದುದೇ ಆ ಹಂಡೆಯಲ್ಲಿ ದಿನವೂ ನಡೆಯುತ್ತಿರುವುದು. ಆ ಪದರದ ಮೇಲೆ ನಿಂಬೆಯ ರಸ ಬಿಟ್ಟರೆ ಗುಳ್ಳೆಗಳೆದ್ದು, ಅಡಗಿದ್ದ ಅನಿಲವು ಹೊರಬೀಳುತ್ತದೆ. ಅಜ್ಜಿಯ ಸುಣ್ಣದ ಡಬ್ಬಿಯಿಂದ ಹೊರಟ ಪ್ರಶ್ನೆ ಬಚ್ಚಲಿನವರೆಗೆ ನಡೆದು ಬಂದಿತು.

ಪುಸ್ತಕವೇ ತಪ್ಪು ಹೇಳಿದಾಗ ಏನು ಮಾಡಬೇಕು? ಅಂತಹ ಸಂದರ್ಭವೂ ಇಲ್ಲದಿಲ್ಲ. ತಟ್ಟೆಯಲ್ಲಿ ನೀರು ಹಾಕಿ, ನಡುವೆ ಉರಿಯುವ ಮೇಣದ ಬತ್ತಿಯನ್ನು ನಿಲ್ಲಿಸಿ, ಅದರ ಮೇಲೆ ಗಾಜಿನ ಲೋಟವನ್ನು ಬೋರಲು ಹಾಕುವ ಪ್ರಯೋಗವು ಎಲ್ಲರಿಗೂ ತಿಳಿದಿರುವುದೇ. ಬತ್ತಿ ಆರುತ್ತದೆ, ನೀರು ಲೋಟದೊಳಕ್ಕೆ ಏರುತ್ತದೆ. ಉರಿಯು ಲೋಟದಲ್ಲಿದ್ದ ಆಮ್ಲಜನಕವನ್ನೆಲ್ಲ ತಿಂದಿತು, ಆ ಜಾಗವನ್ನು ನೀರು ತುಂಬಿತು, ಆದುದರಿಂದ ಗಾಳಿಯಲ್ಲಿ ಐದನೆಯ ಒಂದು ಪಾಲು ಆಮ್ಲಜನಕವಿದೆ ಎಂದು ಎಷ್ಟೋ ಪುಸ್ತಕಗಳು ಬರೆದಿವೆ, ಎಷ್ಟೋ ತಲೆಮಾರು ಅದನ್ನು ಒಪ್ಪಿದೆ. ಕೈಯಾರೆ ಮಾಡಿ ನಿಧಾನವಾಗಿ ನೋಡಿದವನಿಗೆ ಮೂರು ಸಂಗತಿಗಳು ಕಾಣುತ್ತವೆ. ಲೋಟವನ್ನು ಕವುಚುವಾಗ ಅಂಚಿನಿಂದ ಗಾಳಿಯ ಗುಳ್ಳೆಗಳು ಹೊರಬೀಳುವುದುಂಟು. ಬತ್ತಿ ಉರಿಯುತ್ತಿರುವಷ್ಟು ಹೊತ್ತು ನೀರು ಹೆಚ್ಚಾಗಿ ಏರುವುದಿಲ್ಲ. ಆರುವ ಹೊತ್ತಿಗೆ, ಆರಿದ ಮೇಲೆ, ಸರ್ರನೆ ಏರುತ್ತದೆ. ಒಂದು ಬತ್ತಿಯ ಬದಲು ಮೂರು ಬತ್ತಿಗಳನ್ನು ಇಟ್ಟರೆ ಅದೇ ಲೋಟದಲ್ಲಿ ನೀರು ಇನ್ನೂ ಮೇಲಕ್ಕೆ ಏರುತ್ತದೆ. ಲೋಟದಲ್ಲಿದ್ದ ಆಮ್ಲಜನಕವು ಬತ್ತಿಗಳ ಎಣಿಕೆಗೆ ತಕ್ಕಂತೆ ಹೆಚ್ಚಾಗಲು ಸಾಧ್ಯವೆ?

ಆಗಿರುವುದು ಬೇರೆ. ಉರಿಯ ಕಾವಿಗೆ ಗಾಳಿ ಹಿಗ್ಗಿ ಒಂದಿಷ್ಟು ಹೊರಹೋಗಿರುತ್ತದೆ. ಬತ್ತಿ ಆರಿ ಗಾಳಿ ತಣ್ಣಗಾದಾಗ ಕುಗ್ಗಿ ನೀರಿಗೆ ಎಡೆ ಕೊಡುತ್ತದೆ. ಆಮ್ಲಜನಕವು ಸ್ವಲ್ಪ ಖರ್ಚಾಗುವುದೇನೋ ನಿಜ. ಆದರೆ ಅದರ ಬದಲು ಇಂಗಾಲದ ಡೈ ಆಕ್ಸೈಡು ಹುಟ್ಟುತ್ತದೆ. ಬತ್ತಿ ಆರಿದಾಗಲೂ ಲೋಟದಲ್ಲಿ ಆಮ್ಲಜನಕದ ಬಹುಪಾಲು ಉಳಿದೇ ಇರುತ್ತದೆ. ಐದನೆಯ ಒಂದು ಪಾಲನ್ನು ನಿಜವಾಗಿಯೂ ಅಳೆಯಬೇಕಾದರೆ ಕಬ್ಬಿಣವನ್ನು ಕೇಳಬೇಕು. ಕಮ್ಮಾರನ ಕುಲುಮೆಯಿಂದ ತಂದ ಅರದ ಪುಡಿಯನ್ನು ಒದ್ದೆ ಮಾಡಿದ ಉದ್ದನೆಯ ಗಾಜಿನ ಸೀಸೆಯ ಒಳಮೈಗೆ ಅಂಟಿಸಿ, ಸೀಸೆಯನ್ನು ನೀರಿನ ತಟ್ಟೆಯಲ್ಲಿ ಬೋರಲಿಟ್ಟು, ಕೆಲವು ದಿನ ಕಾಯಬೇಕು. ಪುಡಿಯು ತುಕ್ಕು ಹಿಡಿಯುತ್ತ ಆಮ್ಲಜನಕವನ್ನು ಸೆರೆಹಿಡಿಯುತ್ತದೆ. ನೀರು ಮೆಲ್ಲಮೆಲ್ಲನೆ ಏರಿ ಸುಮಾರು ಐದನೆಯ ಒಂದು ಪಾಲಿನಲ್ಲಿ ನಿಲ್ಲುತ್ತದೆ. ಪಾತ್ರೆ ಉಜ್ಜುವ ಹೊಳಪಿನ ನಾರನ್ನು ಇದಕ್ಕೆ ಬಳಸಿ ವಾರಗಟ್ಟಲೆ ಕಾದು ನಿರಾಶರಾದವರೂ ಇರಬಹುದು. ತುಕ್ಕು ಹಿಡಿಯದ ಉಕ್ಕಿನಿಂದ ತುಕ್ಕನ್ನು ಬಯಸಿದರೆ ದೊರೆಯುವುದೆಂತು? ಅದೂ ಒಂದು ಪಾಠವೇ.

ಇಂತಹ ಕೆಲಸದಿಂದ ಮುಂದೆ ಏನಾದೀತು ಎಂದು ಕೇಳುವವರಿಗೆ ಇತಿಹಾಸದಲ್ಲಿ ಉತ್ತರವುಂಟು. ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆ ಲಂಡನ್ನಿನ ಪುಸ್ತಕ ಕಟ್ಟುವ ಅಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. 1812ರಲ್ಲಿ ಅವನು ಏಳು ತಾಮ್ರದ ನಾಣ್ಯಗಳನ್ನೂ ಸತುವಿನ ತಗಡಿನ ಏಳು ಬಿಲ್ಲೆಗಳನ್ನೂ ಉಪ್ಪುನೀರಿನಲ್ಲಿ ನೆನೆಸಿದ ಕಾಗದದ ಚೂರುಗಳನ್ನೂ ಒಂದರ ಮೇಲೊಂದು ಪೇರಿಸಿ ವಿದ್ಯುತ್ಕೋಶವನ್ನು ಮಾಡಿದನು. ಅದರಿಂದ ಒಂದು ಲವಣವನ್ನು ವಿಭಜಿಸಿ ನೋಡಿ ಹಿಗ್ಗಿ ಗೆಳೆಯನಿಗೆ ಪತ್ರ ಬರೆದನು. ಮುಂದೆ ಮಹಾವಿಜ್ಞಾನಿಯಾದ ಮೇಲೂ ಅವನು ಎಳೆಯರಿಗೆ ಮಾಡಿದ ಉಪನ್ಯಾಸಗಳಿಗೆ ಆರಿಸಿಕೊಂಡ ವಸ್ತು ಒಂದು ಮೇಣದ ಬತ್ತಿ.

ಫ್ಯಾರಡೆಯ ಕತೆ ಎಲ್ಲರಿಗೂ ಗೊತ್ತು. ಆಗ್ನೆಸ್ ಪೊಕೆಲ್ಸ್ ಎಂಬಾಕೆಯ ಹೆಸರು ಅಷ್ಟು ಪ್ರಸಿದ್ಧವಲ್ಲ. 1862ರಲ್ಲಿ ಹುಟ್ಟಿದ ಆಕೆಯು ಜರ್ಮನಿಯ ಬ್ರೌನ್‌ಷ್ವೈಗ್ ನಗರದಲ್ಲಿ ತಂದೆತಾಯಿಗಳ ಶುಶ್ರೂಷೆ ಮಾಡುತ್ತ, ಮನೆವಾರ್ತೆ ನೋಡಿಕೊಳ್ಳುತ್ತ ಇದ್ದವಳು. ಅಂದು ಅಲ್ಲಿಯ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ತಮ್ಮನು ಭೌತವಿಜ್ಞಾನ ಓದಲು ಹೋದನು, ಅಕ್ಕ ಅಡುಗೆಮನೆಯಲ್ಲಿ ಉಳಿದಳು. ಪಾತ್ರೆ ತೊಳೆಯುವ ನೀರಿನ ಮೇಲೆ ಜಿಡ್ಡು ಹರಡುವುದನ್ನು ಎಲ್ಲರೂ ನೋಡುತ್ತಾರೆ. ಆಕೆ ಅದನ್ನು ಅಳೆಯಬೇಕೆಂದಳು. ಸುಮಾರು ಇಪ್ಪತ್ತನೆಯ ವಯಸ್ಸಿನಲ್ಲಿ ತಗಡಿನ ತೊಟ್ಟಿಯೊಂದನ್ನು ಮಾಡಿಸಿಕೊಂಡಳು. ಉದ್ದ 70 ಸೆಂಟಿಮೀಟರು, ಅಗಲ 5 ಸೆಂಟಿಮೀಟರು, ಆಳ 2 ಸೆಂಟಿಮೀಟರು. ಅದರ ತುಂಬ ನೀರು. ನೀರಿನ ಮೇಲೆ ಅತ್ತಿತ್ತ ಸರಿಸಬಹುದಾದ ಒಂದು ತಗಡಿನ ಪಟ್ಟಿ. ಆ ಪಟ್ಟಿಯನ್ನು ಸರಿಸಿ ಜಿಡ್ಡಿನ ಪದರವನ್ನು ಹಿಗ್ಗಿಸುತ್ತ ಕುಗ್ಗಿಸುತ್ತ, ನೀರಿನ ಮೇಲ್ಮೈಯಿಂದ ಒಂದು ಪುಟ್ಟ ಬಿಲ್ಲೆಯನ್ನು ಎತ್ತಲು ಬೇಕಾಗುವ ಬಲವನ್ನು ತಕ್ಕಡಿಯಿಂದ ತೂಗಿ ಬರೆದಿಟ್ಟಳು. ವರ್ಷಗಳ ಕಾಲ ಆ ಬರಹಗಳನ್ನು ಕೇಳುವವರಿರಲಿಲ್ಲ. 1891ರ ಜನವರಿಯಲ್ಲಿ ಇಂಗ್ಲೆಂಡಿನ ಲಾರ್ಡ್ ರ್‍ಯಾಲೆಗೆ ಪತ್ರ ಬರೆದಳು. ಆ ವಿಜ್ಞಾನಿ ದೊಡ್ಡವನು. ಪತ್ರವನ್ನು ಭಾಷಾಂತರ ಮಾಡಿಸಿ, ಶಿಫಾರಸಿನೊಡನೆ ‘ನೇಚರ್’ ಪತ್ರಿಕೆಗೆ ಕಳುಹಿಸಿದನು. ಅದು ಅದೇ ವರ್ಷದ ಮಾರ್ಚಿನಲ್ಲಿ ಅಚ್ಚಾಯಿತು. ಆಕೆಯ ಆ ತಗಡಿನ ತೊಟ್ಟಿಯ ಮಾದರಿಯ ಮೇಲೆಯೇ ಮುಂದಿನ ವಿಜ್ಞಾನಿಗಳು ತಮ್ಮ ಉಪಕರಣಗಳನ್ನು ಬೆಳೆಸಿದರು. ಆ ದಾರಿಯಲ್ಲಿ ನಡೆದ ಅರ್ವಿಂಗ್ ಲ್ಯಾಂಗ್ಮ್ಯೂರನಿಗೆ 1932ರಲ್ಲಿ ನೊಬೆಲ್ ಬಹುಮಾನ ಬಂದಿತು. ಅದೇ ವರ್ಷ, ಎಪ್ಪತ್ತರ ವಯಸ್ಸಿನ ಆಗ್ನೆಸಳಿಗೆ ಅವಳ ಊರಿನ ತಾಂತ್ರಿಕ ವಿದ್ಯಾಲಯವು ಗೌರವ ಡಾಕ್ಟರೇಟನ್ನು ನೀಡಿತು.

ಆದರೂ ಒಂದು ಎಚ್ಚರಿಕೆ ಅಗತ್ಯ. ಮನೆಯಲ್ಲಿರುವುದೆಲ್ಲ ನಿರಪಾಯಕರವೆಂದು ತಿಳಿಯುವುದು ಅಪಾಯಕರ. ಬ್ಲೀಚಿಂಗ್ ಪುಡಿಗೆ ಶೌಚಾಲಯ ತೊಳೆಯುವ ಆಮ್ಲವನ್ನು ಬೆರೆಸಿದರೆ ಕ್ಲೋರಿನ್ ಎಂಬ ವಿಷಾನಿಲವು ಹೊರಡುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಎರವಾದೀತು. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಅದು ಕೊತಕೊತನೆ ಕುದಿದು ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ತಿನ್ನುವ ಪದಾರ್ಥಗಳಲ್ಲಿಯೇ ವರ್ಷವಿಡೀ ಮಾಡುವಷ್ಟು ಪ್ರಯೋಗಗಳಿರುವಾಗ ಇಂತಹವುಗಳ ಗೊಡವೆ ಬೇಡ. ಬೆಂಕಿಯ ಹತ್ತಿರ ಹಿರಿಯರು ಇರಲಿ. ಪ್ರಯೋಗಕ್ಕೆ ಬಳಸಿದುದನ್ನು ಬಾಯಿಗೆ ಹಾಕಿಕೊಳ್ಳಬಾರದು.

ಅಡುಗೆಮನೆಯನ್ನು ಹೊಗಳುವಾಗ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತದೆ. ಅರಿಶಿನ ಸುಣ್ಣಗಳಿಂದ ವಿಜ್ಞಾನ ಕಲಿಯಬಹುದಾದರೆ ಶಾಲೆಗಳಿಗೆ ಪ್ರಯೋಗಶಾಲೆ ಏಕೆ ಎಂದು ಹಣದ ಚೀಲ ಹಿಡಿದವರು ಕೇಳಬಹುದು. ನಿಖರವಾದ ತಕ್ಕಡಿಯಿಲ್ಲದೆ, ಅಳತೆಯ ಗಾಜಿನ ಕೊಳವೆಗಳಿಲ್ಲದೆ ಅನುಮಾನವನ್ನು ಸಂಖ್ಯೆಯಾಗಿ ಮಾರ್ಪಡಿಸುವುದು ಕಷ್ಟ. ಆಗ್ನೆಸಳಿಗೂ ಒಂದು ತಕ್ಕಡಿ ಬೇಕಾಯಿತು. ಎರಡನೆಯ ಮಹಾಯುದ್ಧದಲ್ಲಿ ಶಾಲೆಗಳು ನೆಲಸಮವಾದ ದೇಶಗಳ ವಿಜ್ಞಾನದ ಉಪಾಧ್ಯಾಯರಿಗಾಗಿ ಯುನೆಸ್ಕೊ ಸಂಸ್ಥೆಯು 1948ರಲ್ಲಿ ಒಂದು ಕೈಪಿಡಿಯನ್ನು ಹೊರತಂದಿತು. ಡಬ್ಬಿ, ಸೀಸೆ, ತಂತಿಗಳಿಂದ ಉಪಕರಣಗಳನ್ನು ಮಾಡಿಕೊಳ್ಳುವ ಬಗೆಯನ್ನು ತಿಳಿಸುವ ಈ ಕೆಲಸವು 1956ರಲ್ಲಿ ದೊಡ್ಡ ಆಕರಗ್ರಂಥವಾಗಿ ಬೆಳೆಯಿತು. ಪ್ರಯೋಗಶಾಲೆ ಬೇಡವೆಂದು ಹೇಳಲು ಹುಟ್ಟಿದ ಪುಸ್ತಕ ಅದಲ್ಲ. ಅದು ಕಟ್ಟಡ ಎದ್ದು ನಿಲ್ಲುವವರೆಗೆ ಪ್ರಶ್ನೆಗಳು ನಿಲ್ಲಬಾರದೆಂದು ಹುಟ್ಟಿದುದು.

ಭಾರತದಲ್ಲಿಯೂ ಅಂತಹ ಒಂದು ಯತ್ನ ನಡೆಯಿತು. ಮಧ್ಯಪ್ರದೇಶದ ಅಂದಿನ ಹೊಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಪ್ರಾರಂಭವಾದ ವಿಜ್ಞಾನ ಶಿಕ್ಷಣದ ಕಾರ್ಯಕ್ರಮವು 1978ರಲ್ಲಿ ಇಡೀ ಜಿಲ್ಲೆಗೆ ಹರಡಿತು. ಅಲ್ಲಿಯ ಹಳ್ಳಿಯ ಮಕ್ಕಳು ಪಾಠವನ್ನು ಕೇಳಿ ಒಪ್ಪಿಸಲಿಲ್ಲ. ಗುಂಪುಗೂಡಿ ಪ್ರಯೋಗ ಮಾಡಿ, ಕಂಡುದನ್ನು ಬರೆದು, ಅದರ ಮೇಲೆ ವಾದ ಮಾಡಿದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಲು ಅನುಮತಿಯಿತ್ತು. ನೆನಪಿಗೆ ಅಂಕವಿಲ್ಲದ ಮೇಲೆ ನಕಲು ಮಾಡುವುದಾದರೂ ಏನನ್ನು? ಮೂವತ್ತು ವರ್ಷ ನಡೆದ ಆ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರ್ಕಾರವು ನಿಲ್ಲಿಸಿತು. ಅದು ವಿವೇಕದ ತೀರ್ಮಾನವಾಗಿರಲಿಲ್ಲ. ಅಲ್ಲಿಯ ಮಕ್ಕಳಿಗಾಗಿ ‘ಸವಾಲೀರಾಮ್’ ಎಂಬೊಬ್ಬ ಕಲ್ಪನೆಯ ವ್ಯಕ್ತಿಯನ್ನು ಸೃಷ್ಟಿಸಲಾಗಿದ್ದಿತು. ಸವಾಲು ಎಂದರೆ ಆ ಭಾಷೆಯಲ್ಲಿ ಪ್ರಶ್ನೆ. ತಮ್ಮ ಉಪಾಧ್ಯಾಯರಿಗೂ ಉತ್ತರ ತಿಳಿಯದ ಪ್ರಶ್ನೆಗಳನ್ನು ಮಕ್ಕಳು ಅವನಿಗೆ ಪತ್ರದಲ್ಲಿ ಬರೆದು ಕಳುಹಿಸುತ್ತಿದ್ದರು; ಅವನ ಹೆಸರಿನಲ್ಲಿಯೇ ಅವರಿಗೆ ಉತ್ತರ ಬರುತ್ತಿದ್ದಿತು.